ಸಬ್ಬಕ್ಕಿ ಬೀದಿ, ಉತ್ತರದ ಬಾಗಿಲು

ಸಬ್ಬಕ್ಕಿ ಕೊಳ್ಳಲೆಂದು ಹಿತ್ತಾಳೆ ಡಬ್ಬಿ ಹಿಡಿದು ನಾನು ಹೋದ ಬೀದಿಯಲ್ಲಿ ಜನ ಸಾಯುವುದಕ್ಕೆಂದು ಬಂದು ಮಲಗಿದ್ದರು. ಸಿಂಗಪುರದ ಚೀನೀ ಪೇಟೆಯನ್ನು ನೆನೆದಾಗಲೆಲ್ಲ ಮೊದಲು ಕಾಣುವುದು ಆ ಬೀದಿಯಲ್ಲ, ಕೈಯಲ್ಲಿದ್ದ ಖಾಲಿ ಡಬ್ಬಿ. ಅದರ ಮುಚ್ಚಳ ಸಡಿಲವಾಗಿತ್ತು, ನಡೆಯುವಾಗ ಸದ್ದು ಮಾಡುತ್ತಿತ್ತು ಎಂದು ನನ್ನ ನೆನಪು. ಆದರೆ ಆ ದಿನದ ದಿನಚರಿಯಲ್ಲಿ ಡಬ್ಬಿಯ ಮಾತೇ ಇಲ್ಲ. ಸದ್ದನ್ನು ಆಮೇಲೆ ನಾನೇ ಸೇರಿಸಿಕೊಂಡಿರಬಹುದು. ಊರಿನವರು ಓದಲೆಂದು ಬರೆಯುವಾಗ ಇಷ್ಟನ್ನಾದರೂ ಮೊದಲೇ ಹೇಳಿಬಿಡುವುದು ಒಳ್ಳೆಯದು.

ನಾವು ಇಲ್ಲಿಗೆ ಬಂದದ್ದು ಮೂವರು: ನಮ್ಮವರು, ಅವರ ತಾಯಿ ಪುಟ್ಟಮ್ಮ, ನಾನು. ನಮ್ಮವರಿಗೆ ಬಂದರಿನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ. ಅತ್ತೆಗೆ ಕೆಂಗೇರಿಯೇ ಲೋಕ. ಮೈಸೂರು ರಸ್ತೆಯ ಬಸ್ಸು ಹತ್ತಿ ಬೆಂಗಳೂರು ಪೇಟೆಗೆ ಹೋಗಿ ಬಂದರೆ ನಾಲ್ಕು ದಿನ ಅದೇ ಮಾತು. ಮಗ ಹಡಗು ಹತ್ತುತ್ತಾನೆ ಎಂದು ತಿಳಿದ ದಿನ, ಯಾರೂ ಕರೆಯುವ ಮೊದಲೇ, ನಾನೂ ಬರ್ತೀನಿ ಎಂದರು. ಒಂದು ಡಬ್ಬ ರಾಗಿಹಿಟ್ಟು ಕಟ್ಟಿಕೊಂಡು ಬಂದೇಬಿಟ್ಟರು.

ಮನೆ ಸಿಕ್ಕಿದ್ದು ಚೀನೀ ಪೇಟೆಯ ಅಂಚಿನಲ್ಲಿ, ಒಣಮೀನಿನ ಅಂಗಡಿಯ ಮೇಲಿನ ಒಂದು ಕೋಣೆ. ಕೋಣೆ ಎಂದರೆ ಹಲಗೆ ಹೊಡೆದು ಬೇರ್ಪಡಿಸಿದ ಜಾಗ. ಹಲಗೆ ಸೂರಿನ ತನಕ ಹೋಗುವುದಿಲ್ಲ. ಪಕ್ಕದವರ ಕೆಮ್ಮು, ಜಗಳ, ಬೆಳ್ಳುಳ್ಳಿಯ ಒಗ್ಗರಣೆ ಎಲ್ಲವೂ ಮೇಲಿನಿಂದ ಇಳಿದು ಬರುತ್ತಿದ್ದವು. ಅದೇ ಹೊತ್ತಿಗೆ ನನ್ನ ಅಕ್ಕ ಹೊಸ ರಾಜಾಜಿನಗರದಲ್ಲಿ ಮನೆ ಕಟ್ಟಿಸುತ್ತಿದ್ದಳು. ಸುತ್ತ ಕಲ್ಲು ನೆಟ್ಟ ಬಯಲು, ಪಕ್ಕದ ಮನೆಯವರನ್ನು ಕರೆಯಬೇಕಾದರೆ ಗಂಟಲು ಹರಿಯಬೇಕು ಎಂದು ಅವಳ ದೂರು. ಇಲ್ಲಿ ಪಿಸುಗುಟ್ಟಿದರೂ ಮನೆಯೆಲ್ಲ ಕೇಳುತ್ತಿತ್ತು. ನಮ್ಮ ಕೋಣೆಗೆ ಉದ್ದವಿತ್ತು, ಅಗಲವಿರಲಿಲ್ಲ. ಇದ್ದೊಂದು ಬಾಗಿಲು ಉತ್ತರಕ್ಕೆ.

ಈ ಪೇಟೆಯನ್ನು ಮಲಯದವರು ಕ್ರೆತಾ ಆಯೆರ್ ಎನ್ನುತ್ತಾರೆ. ಕ್ರೆತಾ ಎಂದರೆ ಗಾಡಿ, ಆಯೆರ್ ಎಂದರೆ ನೀರು. ಹಿಂದೆ ಎತ್ತಿನ ಗಾಡಿಯಲ್ಲಿ ಇಲ್ಲಿಗೆ ನೀರು ಬರುತ್ತಿತ್ತಂತೆ. ಇದನ್ನು ಕೇಳಿದ ಮೇಲೆ ಅತ್ತೆಗೆ ಸಂಜೆಯ ಹೊತ್ತು ಬೀದಿ ಸುತ್ತುವ ಹುಮ್ಮಸ್ಸು ಬಂತು. ಕಿಟಕಿಗಳಿಂದ ಚಾಚಿದ ಬಿದಿರು ಗಳುಗಳಲ್ಲಿ ಬಟ್ಟೆ ಒಣಗುತ್ತಿದ್ದವು. ತಲೆಕೆಳಗಾಗಿ ತೂಗುಬಿಟ್ಟ ಬಾತುಗಳು, ಊದುಕಡ್ಡಿಯ ಹೊಗೆ, ಗಾಜಿನ ಜಾಡಿಗಳಲ್ಲಿ ಬೇರು ನಾರು. ಅತ್ತೆ ಮೂಗಿಗೆ ಸೆರಗು ಹಿಡಿದೇ ಎಲ್ಲವನ್ನೂ ನೋಡಿದರು. ಕೊನೆಗೆ ಹೇಳಿದ್ದು: "ಎತ್ತೂ ಇಲ್ಲ, ಗಾಡೀನೂ ಇಲ್ಲ, ನಲ್ಲೀಲಿ ನೀರೂ ಇಲ್ಲ. ಹೆಸ್ರು ಮಾತ್ರ ನಮ್ಮೂರಿಂದು."

ಮನೆಯೊಡತಿಯನ್ನು ಎಲ್ಲರೂ ಆ ಸಮ್ ಎಂದು ಕರೆಯುತ್ತಿದ್ದರು. ಅವರ ಮಾತಿನಲ್ಲಿ ಚಿಕ್ಕಮ್ಮ ಎಂದರ್ಥ. ಕಪ್ಪು ಷರಾಯಿ, ಬಿಳಿ ಅಂಗಿ, ಬಿಗಿದು ಕಟ್ಟಿದ ತುರುಬು. ನಮಗೂ ಆಕೆಗೂ ನಡುವೆ ಇದ್ದದ್ದು ಸಂತೆಯ ಮಲಯ ಭಾಷೆ, ಇಬ್ಬರಿಗೂ ಅರೆಬರೆ. ಆದರೂ ಮಧ್ಯಾಹ್ನ ಅತ್ತೆಯೂ ಆಕೆಯೂ ಮೆಟ್ಟಿಲ ಮೇಲೆ ಕುಳಿತು ಒಬ್ಬರಿಗೊಬ್ಬರು ತಿಳಿಯದ ಮಾತನ್ನು ತಾಸುಗಟ್ಟಲೆ ಆಡುತ್ತಿದ್ದರು. ಏನು ಮಾತಾಡಿದಿರಿ ಎಂದರೆ ಅತ್ತೆ, "ಸೊಸೆಯಂದ್ರ ವಿಷ್ಯ ಕಣಮ್ಮ, ಅದಕ್ಕೇನು ಭಾಷೆ ಬೇಕಾ" ಎನ್ನುತ್ತಿದ್ದರು.

ಮಳೆಗಾಲದಲ್ಲಿ ಅತ್ತೆಗೆ ಜ್ವರ ಬಂತು. ಕೆಮ್ಮು ಎದೆಗೆ ಇಳಿಯಿತು. ಡಾಕ್ಟರು ಔಷಧಿ ಕೊಟ್ಟು, ವಯಸ್ಸಾಗಿದೆ, ನೋಡೋಣ ಎಂದು ಹೋದರು. ಮಂಚದ ಸೆಕೆ ತಡೆಯದೆ ಅತ್ತೆ ನೆಲಕ್ಕಿಳಿದು ಚಾಪೆ ಹಾಸಿಸಿಕೊಂಡರು. ಮಂಚದಲ್ಲಿ ಮಗ ಸೊಸೆಯ ಇಷ್ಟದಂತೆ ಹೇಗೋ ಮಲಗಿದ್ದವರು ಈಗ ತಮ್ಮ ಜನ್ಮದ ಅಭ್ಯಾಸದಂತೆ ದಕ್ಷಿಣಕ್ಕೆ ತಲೆಯಿಟ್ಟರು. ಹೆಣವನ್ನಲ್ಲದೆ ಬದುಕಿದ್ದವರನ್ನು ಉತ್ತರಕ್ಕೆ ತಲೆ ಮಾಡಿ ಯಾರು ಮಲಗಿಸುತ್ತಾರೆ?

ಅಂದಿನಿಂದ ಆ ಸಮ್ ದಿನವೂ ಬಂದು ಬಾಗಿಲಲ್ಲಿ ನಿಲ್ಲತೊಡಗಿದಳು. ಅತ್ತೆಯ ಕಾಲು ತೋರಿಸಿ "ಕಾಕಿ" ಎನ್ನುವಳು, ಬಾಗಿಲು ತೋರಿಸಿ "ಪಿಂತು" ಎನ್ನುವಳು. ಕಾಲು, ಬಾಗಿಲು. ನಾವು ಹೊರಗಿನಿಂದ ಬಂದವರು ಬಾಗಿಲಲ್ಲಿ ಕಾಲು ತೊಳೆಯುತ್ತಿಲ್ಲ ಎಂಬ ಆಕ್ಷೇಪ ಎಂದುಕೊಂಡು ನನಗೆ ನಾಚಿಕೆಯಾಯಿತು. ಒಂದು ಚೊಂಬು ನೀರು ಹೊಸ್ತಿಲ ಹೊರಗಿಟ್ಟೆ. ಆಕೆಯ ಎದುರೇ ನಾವು ಕಾಲು ತೊಳೆದು ಒಳಗೆ ಬಂದೆವು. ಆಕೆಯ ಮುಖ ಇನ್ನಷ್ಟು ಕಪ್ಪಿಟ್ಟಿತು.

ಒಂದು ಬೆಳಿಗ್ಗೆ ಆಕೆ ನನ್ನ ಕೈ ಹಿಡಿದು, ಅಜ್ಜಿಗೆ ಸೇಗೋ ಲೇನ್ ಒಳ್ಳೆಯದು, ಬಾ ತೋರಿಸುತ್ತೇನೆ ಎಂದಳು. ಸೇಗೋ ಎಂದರೆ ಸಬ್ಬಕ್ಕಿ ಎಂದು ನನಗೆ ಗೊತ್ತಿತ್ತು, ಸಬ್ಬಕ್ಕಿ ಮಾರುವ ಬೀದಿ ಇರಬೇಕು ಎಂದುಕೊಂಡೆ. ಜ್ವರದವರಿಗೆ ಸಬ್ಬಕ್ಕಿ ಗಂಜಿ ಕೊಡುವುದು ಇವರಲ್ಲೂ ಉಂಟು ಎಂದು ಕಣ್ಣು ತುಂಬಿ ಬಂತು. ಡಬ್ಬಿ ತೆಗೆದುಕೊಂಡು ಹೊರಟೆ.

ಆ ಸಮ್ ಮುಂದೆ, ನಾನು ಹಿಂದೆ. ಬೀದಿಗೆ ತಿರುಗಿದೊಡನೆ ಎರಡು ಕಡೆಯೂ ಕಾಗದದ ಮನೆಗಳು ಕಂಡವು. ಬಿದಿರಿನ ಕಡ್ಡಿಗೆ ಬಣ್ಣದ ಕಾಗದ ಅಂಟಿಸಿ ಮಾಡಿದ ಮಹಡಿ, ಕಾಗದದ ಮೋಟಾರು ಕಾರು, ಕಾಗದದ ಆಳು. ಹಬ್ಬ ಹತ್ತಿರ ಬಂದಿರಬೇಕು ಎಂದುಕೊಂಡೆ. ವಾದ್ಯ ಕೇಳುತ್ತಿತ್ತು. ಊಟದ ಗಾಡಿಗಳ ಸುತ್ತ ಜನ ನಿಂತು ತಿನ್ನುತ್ತಿದ್ದರು. ಆಕೆ ಒಂದು ಮನೆಯ ಮೆಟ್ಟಿಲು ಹತ್ತಿಸಿದಳು. ಮೇಲೆ ಹಲಗೆ ಮಂಚಗಳ ಸಾಲು. ಒಬ್ಬೊಬ್ಬ ಮುದುಕಿ, ಮುದುಕ. ಒಬ್ಬಾಕೆಯ ಬಾಯಿಗೆ ಮಗಳೊಬ್ಬಳು ಚಮಚದಿಂದ ನೀರು ಬಿಡುತ್ತಿದ್ದಳು. ಆ ಮುದುಕಿಯ ಕಣ್ಣು ನನ್ನ ಡಬ್ಬಿಯ ಮೇಲಿತ್ತು. ತನಗೇನೋ ತಿನ್ನಲು ತಂದಿದ್ದೇನೆ ಎಂದುಕೊಂಡಳೋ ಏನೋ.

ಆ ಸಮ್ ಒಂದು ಖಾಲಿ ಮಂಚವನ್ನು ಅಂಗೈಯಿಂದ ತಟ್ಟಿ, ಕಿಟಕಿ ತೋರಿಸಿ, "ಸಿನಿ ಬಾಗುಸ್" ಎಂದಳು. ಇಲ್ಲಿ ಚೆನ್ನಾಗಿದೆ. ಆಮೇಲೆ ಮೆಲ್ಲಗೆ, ನನ್ನ ಅಮ್ಮನೂ ಇಲ್ಲೇ, ಎಂದಳು. ಇದು ಸಾಯುವವರ ಮನೆ ಎಂದು ಆಗ ನನಗೆ ಅರ್ಥವಾಯಿತು. ಒಂದು ಕಾಲಕ್ಕೆ ಇಲ್ಲಿ ಸಬ್ಬಕ್ಕಿ ಮಾಡುವ ಕಾರ್ಖಾನೆಗಳಿದ್ದು ಬೀದಿಗೆ ಆ ಹೆಸರಂತೆ. ಅದು ನನಗೆ ತಿಳಿದದ್ದು ಬಹಳ ದಿನದ ಮೇಲೆ. ಹತ್ತಾರು ಬಾಡಿಗೆದಾರರು ಹಲಗೆಯ ಆಚೀಚೆ ಮಲಗುವ ಮನೆಯಲ್ಲಿ ಸಾವಾಗಬಾರದು. ಯಾರಾದರೂ ಸತ್ತರೆ ಉಳಿದವರಿಗೆಲ್ಲ ಕೇಡು. ಆದ್ದರಿಂದ ಕೊನೆಗಾಲದವರನ್ನು ಇಲ್ಲಿಗೆ ಕರೆತರುತ್ತಾರೆ. ಬೀದಿಯಲ್ಲಿದ್ದ ಕಾಗದದ ಮನೆ, ಕಾರು ಎಲ್ಲ ಸತ್ತವರಿಗೆ ಸಲ್ಲಲೆಂದು ಸುಡುವುದಕ್ಕೆ. ನಮ್ಮಲ್ಲಿ ಆಸ್ಪತ್ರೆಯಿಂದಲೂ ಹೊತ್ತು ತಂದು ನಡುಮನೆಯಲ್ಲಿ ಮಲಗಿಸಿ ಬಾಯಿಗೆ ನೀರು ಬಿಡುತ್ತೇವೆ. ಇವರು ಮನೆಯಿಂದ ಹೊರಗೆ ಕರೆತಂದು ನೀರು ಬಿಡುತ್ತಾರೆ. ಕ್ರೂರ ಎಂದು ಅಂದಿನ ದಿನಚರಿಯಲ್ಲಿ ಬರೆದಿದ್ದೇನೆ. ಆದರೆ ಆ ಮಗಳು ಚಮಚ ಹಿಡಿದಿದ್ದ ರೀತಿ ಕ್ರೂರವಾಗಿರಲಿಲ್ಲ.

ಮೆಟ್ಟಿಲಿಳಿಯುತ್ತ, ಅಜ್ಜಿ ಸಾಯುತ್ತಾಳೆಂದು ನಿನಗೆ ಯಾರು ಹೇಳಿದರು ಎಂದು ಕೇಳಿದೆ. ಆ ಸಮ್ ನನ್ನನ್ನು ಪೆದ್ದಿಯನ್ನು ನೋಡುವಂತೆ ನೋಡಿದಳು. ಮತ್ತೆ ಅದೇ: ಕಾಕಿ, ಪಿಂತು. ಅವರಲ್ಲಿ ಬಾಗಿಲ ಕಡೆಗೆ ಕಾಲು ಮಾಡಿ ಮಲಗಿಸುವುದು ಹೆಣವನ್ನು. ನಾವೇ ಅತ್ತೆಯನ್ನು ಮಂಚದಿಂದಿಳಿಸಿ, ನೆಲದ ಮೇಲೆ, ಬಾಗಿಲಿಗೆ ಕಾಲು ಮಾಡಿ ಹಾಗೆ ಮಲಗಿಸಿದ್ದೇವೆ. ಇನ್ನು ಹೇಳುವುದೇನಿದೆ? ಬೇರೆ ಬಾಡಿಗೆದಾರರು ಗಲಾಟೆ ಮಾಡುತ್ತಿದ್ದಾರೆ, ಅಜ್ಜಿಯನ್ನು ಸಂಜೆಯೊಳಗೆ ತಿರುಗಿಸಿ ಮಲಗಿಸಿ, ಇಲ್ಲವೇ ಕೋಣೆ ಬಿಡಿ ಎಂದಳು.

ನಮ್ಮವರು ಬಂದ ಮೇಲೆ ಎಲ್ಲವನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಅಲ್ಲೇ ಚಾಪೆಯ ಮೇಲೆ ಮಲಗಿದ್ದ ಅತ್ತೆ, "ನನ್ನ ವಿಷ್ಯ ತಾನೇ, ಕನ್ನಡದಲ್ಲೇ ಹೇಳಮ್ಮ" ಎಂದರು. ಸಾಯುವ ಮನೆಯ ಮಾತನ್ನು ಬಿಟ್ಟು ಕಾಲಿನ ಮಾತನ್ನಷ್ಟೇ ಹೇಳಿದೆ. ಅಡ್ಡಲಾಗಿ ಮಲಗಿಸಲು ನಮ್ಮವರು ಅಳತೆ ತೆಗೆದು ನೋಡಿದರು. ಅತ್ತೆ ಮೊಣಕಾಲು ಮಡಚಿಯೇ ಇರಬೇಕಾಗುತ್ತಿತ್ತು. ಕೊನೆಗೆ ಕಚೇರಿಯ ದಿಕ್ಸೂಚಿ ತೆಗೆದು, ಅಮ್ಮ, ಈ ಬಾಗಿಲು ನೇರ ಉತ್ತರ ಅಲ್ಲ, ಸ್ವಲ್ಪ ಓರೆಯಾಗಿದೆ, ನೋಡು ಎಂದರು.

"ನಿನ್ ಮುಳ್ಳು ನಿನ್ ಹತ್ರಾನೇ ಇಟ್ಕೊ ಕಣೋ. ಸೂರ್ಯ ಎಲ್ಲಿ ಹುಟ್ತಾನೆ ನಂಗೊತ್ತಿಲ್ವಾ?"

ಅತ್ತೆ ಹಲಗೆ ಹಿಡಿದು ಎದ್ದರು. ನಾವು ಹಿಡಿಯಲು ಹೋದರೆ ಕೈ ಬಿಡಿಸಿಕೊಂಡರು. ದಿಂಬನ್ನು ತಾವೇ ಎಳೆದು ಬಾಗಿಲ ಕಡೆಗೆ ಹಾಕಿದರು.

"ಅವಳ ಮನೇಲಿ ಹೆಣ ಬೀಳಬಾರ್ದು, ಅಷ್ಟೇ ತಾನೇ. ನಾನಾಗಿದ್ರೂ ಹಂಗೇ ಅಂತಿದ್ದೆ." ಮಲಗಿದರು. ಉಸಿರು ನಿಲ್ಲಿಸಿ ನಿಲ್ಲಿಸಿ ಹೇಳಿದರು: "ಉತ್ತರಕ್ಕೆ ತಲೆ ಹಾಕಿದ್ರೆ ಯಮ ಬರ್ತಾನಂತೆ. ಬರ್ಲಿ. ಸಮುದ್ರ ದಾಟಿ ಬರೋಕೆ ಅವ್ನಿಗೂ ದಿನ ಹಿಡಿಯತ್ತೆ."

ಇದನ್ನು ಹೇಳಿ ಅಮ್ಮ ನಕ್ಕರು ಎಂದು ನಮ್ಮವರು ಇಂದಿಗೂ ಹೇಳುತ್ತಾರೆ. ನಗು ನನಗೆ ನೆನಪಿಲ್ಲ. ಕಣ್ಣು ಮುಚ್ಚಿಕೊಂಡದ್ದು ನೆನಪಿದೆ. ನಮ್ಮಿಬ್ಬರಲ್ಲಿ ಒಬ್ಬರು ನಮಗೆ ಬೇಕಾದದ್ದನ್ನು ಉಳಿಸಿಕೊಂಡಿದ್ದೇವೆ.

ಮರುದಿನ ಆ ಸಮ್ ಬಂದು ಬಾಗಿಲಿನಿಂದ ಕಾಲಿಗಾಗಿ ನೋಡಿದಳು, ಕಾಣಲಿಲ್ಲ, ತಲೆ ಕಂಡಿತು. ಕೆಳಗೆ ಹೋಗಿ ಬಿಸಿ ಅಕ್ಕಿ ಗಂಜಿ ತಂದು ತಾನೇ ಕುಡಿಸಿದಳು. ಅತ್ತೆ ಬದುಕಿದರು. ಮತ್ತೆ ಮೆಟ್ಟಿಲ ಮೇಲೆ ಸೊಸೆಯಂದಿರ ವಿಷಯ ಮಾತಾಡಿದರು. ಆದರೆ ಮೊದಲು ಪ್ರತಿ ಅಮಾವಾಸ್ಯೆಗೂ ಕೆಂಗೇರಿಗೆ ಯಾವಾಗ ಹೋಗೋದು ಎಂದು ಕೇಳುತ್ತಿದ್ದವರು ಆ ಸಂಜೆಯ ಮೇಲೆ ಒಂದು ಸಲವೂ ಕೇಳಲಿಲ್ಲ. ದಿಂಬನ್ನು ದಕ್ಷಿಣಕ್ಕೆ ತಿರುಗಿಸಲೂ ಇಲ್ಲ. ಮರುವರ್ಷ ನಾವು ಅಗಲವಾದ ಮನೆಗೆ ಹೋದಾಗ, ಅತ್ತೆ, ಇಲ್ಲಿ ಹೇಗೆ ಬೇಕಾದರೂ ಮಲಗಬಹುದು ಎಂದೆ. ಅವರು ಬಾಗಿಲು ಯಾವ ಕಡೆ ಎಂದಷ್ಟೇ ಕೇಳಿದರು. ಯಾವುದನ್ನು ನಾವು ಉಳಿಸಿಕೊಂಡೆವು, ಯಾವುದು ಆ ಚಾಪೆಯ ಮೇಲೆ ಹೋಯಿತು, ನನಗೆ ಇನ್ನೂ ತಿಳಿದಿಲ್ಲ.

ಹೋದ ಬೇಸಿಗೆಯಲ್ಲಿ ನಾನೊಬ್ಬಳೇ ಊರಿಗೆ ಹೋಗಿದ್ದೆ. ರಾಜಾಜಿನಗರದ ಅಕ್ಕನ ಮನೆ ಮುಗಿದಿತ್ತು. ಊಟವಾದ ಮೇಲೆ ನಡುಮನೆಯಲ್ಲಿ ಇಬ್ಬರಿಗೂ ಚಾಪೆ ಹಾಸಿ, "ಈ ಕಡೆ ತಲೆ ಹಾಕೇ, ದಕ್ಷಿಣ" ಎಂದಳು. ಮಲಗಿದೆ. ನನ್ನ ಪಾದಗಳ ಆಚೆ ತೆರೆದ ಬಾಗಿಲು, ಅದರಾಚೆ ಬಿಸಿಲು ಬಿದ್ದ ಬಯಲು. ಎದ್ದು ಕುಳಿತೆ. ಚಾಪೆಯನ್ನು ಅಡ್ಡಲಾಗಿ ಎಳೆದುಕೊಂಡು ಪೂರ್ವಕ್ಕೆ ತಲೆಯಿಟ್ಟೆ. ಅಷ್ಟು ಅಗಲ ಅಲ್ಲಿತ್ತು.

"ಅಲ್ಲಿನ ಅಭ್ಯಾಸವೇನೇ ಇದು?" ಎಂದಳು ಅಕ್ಕ.

ಅಲ್ಲ ಎಂದೆ. ಅವಳು ಆಕಳಿಸುತ್ತ, "ವಾಪಸ್ ಯಾವಾಗ?" ಎಂದು ಕೇಳಿದಳು. ಅವಳು ಕೇಳಿದ್ದು ಹಡಗಿನ ವಿಷಯವೋ, ಎಲ್ಲ ಬಿಟ್ಟು ಊರಿಗೇ ಬರುವ ವಿಷಯವೋ ಎಂದು ನಾನು ಯೋಚಿಸುತ್ತಿರುವಾಗಲೇ ಅವಳಿಗೆ ನಿದ್ದೆ ಬಂದಿತ್ತು.