ಅತ್ತಿಗೆಯ ಎರಡು ಕಾರ್ಡು

ಹಿರೇಹಳ್ಳಿಯ ಒಂದು ಕಾರ್ಖಾನೆಯಲ್ಲಿ ನನ್ನದು ತಪ್ಪು ಹುಡುಕುವ ಕೆಲಸ. ಲೇತ್ ಯಂತ್ರದಿಂದ ಇಳಿದ ಬಿಡಿಭಾಗಗಳನ್ನು ಒಂದೊಂದಾಗಿ ಅಳೆದು, ಸರಿಯಿದ್ದರೆ ಹಸಿರು ಟ್ರೇಗೆ, ಇಲ್ಲದಿದ್ದರೆ ಕೆಂಪು ಟ್ರೇಗೆ ಹಾಕುತ್ತೇನೆ. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದರೂ ಬಿಡುವವಳಲ್ಲ ಎಂದು ನನಗೆ ಹೆಸರಿದೆ. ಆ ಹೆಸರಿನ ಬಗ್ಗೆ ಜಂಬವೂ ಇತ್ತು. ಕಾರ್ಖಾನೆಯಿಂದ ಹೊರಗೆ ಬಂದ ಮೇಲೂ ಆ ಬುದ್ಧಿ ಹೋಗುತ್ತಿರಲಿಲ್ಲ. ಯಾರ ಮನೆಯಲ್ಲಿ ಉಂಡರೂ ಸಾರಿಗೆ ಉಪ್ಪು ಒಂದು ಚಿಟಿಕೆ ಮುಂದಾಗಿದೆ ಎಂದು ಹೇಳದಿದ್ದರೆ ನನಗೆ ಊಟ ಇಳಿಯುತ್ತಿರಲಿಲ್ಲ. ಇಂಥವಳ ಕೈಗೆ ರೂಲ್ಸ್ ಪುಸ್ತಕವಿರುವ ಆಟವೊಂದು ಸಿಕ್ಕರೆ ಏನಾಗುತ್ತದೋ ಅದೇ ಆಯಿತು.

ಆಟ ಕೊಟ್ಟವನು ನಮ್ಮ ಸೆಕ್ಷನ್ನಿನವನೇ ಒಬ್ಬ. ಹೊಸದಾಗಿ ಮದುವೆಯಾಗಿದ್ದ. ದೆವ್ವದ ಚಿತ್ರಗಳಿರುವ ಡಬ್ಬ ಮನೆಯಲ್ಲಿ ಇರಕೂಡದು ಎಂದು ಹೆಂಡತಿ ಹಟ ಹಿಡಿದಳಂತೆ, ತಂದು ನನ್ನ ಟೇಬಲ್ಲಿನ ಮೇಲಿಟ್ಟು ಹೋದ. ಎಲ್ಲ ಇಂಗ್ಲಿಷಿನಲ್ಲಿತ್ತು. ಕೆರೆ ದಂಡೆಯ ಮೇಲೊಂದು ಹಾಳು ಬಂಗಲೆ, ಅದರೊಳಗೆ ಸಿಕ್ಕಿಕೊಂಡವರು ಬೆಳಗಾಗುವ ತನಕ ಜೀವ ಉಳಿಸಿಕೊಳ್ಳಬೇಕು. ಈ ಆಟದಲ್ಲಿ ಆಡುವವರು ಒಬ್ಬರನ್ನೊಬ್ಬರು ಸೋಲಿಸುವಂತಿಲ್ಲ. ಎಲ್ಲರೂ ಒಂದೇ ಕಡೆ, ಎದುರಿಗೆ ಇರುವುದು ದೆವ್ವದ ಕಾರ್ಡುಗಳ ಕಟ್ಟು. ಸರದಿಗೊಂದು ದೆವ್ವದ ಕಾರ್ಡು ತಿರುಗುತ್ತದೆ, ಅದು ಯಾರ ಮೇಲಾದರೂ ಎರಗುತ್ತದೆ, ಭಯ ಏರುತ್ತದೆ. ಕಟ್ಟು ಖಾಲಿಯಾದರೆ ಬೆಳಗಾದಂತೆ, ನಾವು ಗೆದ್ದಂತೆ. ಅದಕ್ಕೆ ಮೊದಲೇ ಭಯ ಹನ್ನೆರಡು ಮುಟ್ಟಿದರೆ ಎಲ್ಲರೂ ಒಟ್ಟಿಗೆ ಸೋತಂತೆ.

ನಾನು ತುಮಕೂರಿನಲ್ಲಿ ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಗುಬ್ಬಿಯ ಅಣ್ಣನ ಮನೆಗೆ ಹೋಗುವುದು ಬಹಳ ದಿನದ ರೂಢಿ. ಅಣ್ಣ ಚೇಳೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರು. ಅತ್ತಿಗೆ ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾರೆ. ಅವರು ಕುಣಿಗಲ್ ತಾಲ್ಲೂಕಿನವರು, ಹುತ್ರಿದುರ್ಗದ ಬೆಟ್ಟದ ಬುಡದ ಊರು. ಪಿಯುಸಿ ತನಕ ಕನ್ನಡದಲ್ಲಿ ಓದಿದವರು. ಇಂಗ್ಲಿಷ್ ಅಕ್ಷರ ಕೂಡಿಸಿ ಓದಬಲ್ಲರು, ಆದರೆ ಆ ಕಾರ್ಡುಗಳ ಮೇಲಿನ ಉದ್ದುದ್ದ ವಾಕ್ಯಗಳು ಅವರಿಗೆ ಬಗೆಹರಿಯುತ್ತಿರಲಿಲ್ಲ. ಹಾಗಾಗಿ ನಾನು ಪ್ರತಿ ಕಾರ್ಡನ್ನೂ ಓದಿ ಕನ್ನಡದಲ್ಲಿ ಹೇಳುತ್ತಿದ್ದೆ, ಅವರು ಒಂದೇ ಸಲಕ್ಕೆ ನೆನಪಿಟ್ಟುಕೊಳ್ಳುತ್ತಿದ್ದರು. ಭಯ ಎಣಿಸುವ ಬಿಲ್ಲೆಗಳು ಡಬ್ಬದಲ್ಲಿ ಇರಲಿಲ್ಲ, ಯಾವಾಗಲೋ ಕಳೆದುಹೋಗಿದ್ದವು. ಅತ್ತಿಗೆ ತಮ್ಮ ಹೊಲಿಗೆ ಡಬ್ಬದಿಂದ ಹನ್ನೆರಡು ಕಪ್ಪು ಗುಂಡಿ ಆರಿಸಿ ಕೊಟ್ಟರು.

ಅತ್ತಿಗೆಗೆ ಈ ಆಟ ಹಿಡಿಸಿದ್ದು ನೋಡಿ ನನಗೇ ಆಶ್ಚರ್ಯ. ಊಟ ಮುಗಿದದ್ದೇ ತಡ, "ಏನೇ, ಬಂಗ್ಲೆಗೆ ಹೋಗಣ್ವಾ?" ಎಂದು ಚಾಪೆ ಹಾಸುತ್ತಿದ್ದರು. ಅವರು ಯಾವಾಗಲೂ ಬಂಗಲೆಯ ಅಡುಗೆಯವಳಾಗಿ ಆಡುತ್ತಿದ್ದರು, ನಾನು ಡಾಕ್ಟರು. ಅವರು ಬಟ್ಟೆ ಕತ್ತರಿಸುವ ಮೊದಲು ತೋಳು, ಬೆನ್ನು, ಪಟ್ಟಿ ಎಲ್ಲವನ್ನೂ ಬಟ್ಟೆಯ ಮೇಲೆ ಒಮ್ಮೆ ಇಟ್ಟು ನೋಡುವವರು. ಕಾರ್ಡುಗಳನ್ನೂ ಹಾಗೇ ಮಡಿಲಿನಲ್ಲಿ ಜೋಡಿಸಿಕೊಂಡು, ಯಾವುದರ ಜೊತೆ ಯಾವುದು ಹೊಂದುತ್ತದೆ ಎಂದು ನೋಡುತ್ತ ಕೂರುತ್ತಿದ್ದರು. ನನಗೆ ತಾಳ್ಮೆ ಇರುತ್ತಿರಲಿಲ್ಲ. "ಬೇಗ ಹಾಕಿ ಅತ್ತಿಗೆ" ಎಂದು ಅವಸರ ಮಾಡುತ್ತಿದ್ದೆ. ಪ್ರತಿ ಸಲವೂ ಸೋಲುತ್ತಿದ್ದೆವು, ಅದು ಬೇರೆ ವಿಷಯ.

ಆ ಒಂದು ಭಾನುವಾರ ಗೆಲ್ಲುವ ಹತ್ತಿರಕ್ಕೆ ಬಂದಿದ್ದೆವು. ಕಟ್ಟಿನಲ್ಲಿ ನಾಲ್ಕೇ ದೆವ್ವದ ಕಾರ್ಡು ಉಳಿದಿದ್ದವು. ಭಯ ಹನ್ನೊಂದಕ್ಕೆ ಬಂದು ನಿಂತಿತ್ತು. ನನ್ನ ಸರದಿಯಲ್ಲಿ ಮುಖವಿಲ್ಲದ ಹೆಂಗಸಿನ ಕಾರ್ಡು ತಿರುಗಿ, ನನ್ನ ಡಾಕ್ಟರ ಮೇಲೆ ಎರಗಿತು. ಇನ್ನೊಂದು ಗುಂಡಿ ಇಟ್ಟರೆ ಮುಗಿಯಿತು. ನಾನು ಗುಂಡಿಗೆ ಕೈ ಹಾಕಿದೆ.

"ತಡಿ ತಡಿ" ಎಂದರು ಅತ್ತಿಗೆ. ಮಡಿಲಿನಿಂದ ಕಂದೀಲಿನ ಕಾರ್ಡು ತೆಗೆದು ಚಾಪೆಯ ಮೇಲಿಟ್ಟರು. ಜೊತೆಯವರ ಮೇಲೆ ಬಂದ ದೆವ್ವವನ್ನು ತನ್ನ ಕಡೆಗೆ ಕರೆದುಕೊಳ್ಳುವ ಕಾರ್ಡು ಅದು. "ನಿನ್ ಮೇಲ್ ಬಂದಿದ್ದು ನಾನು ತಗಂಡೆ." ಅದರ ಪಕ್ಕದಲ್ಲೇ ಬಾಗಿಲಿನ ಕಾರ್ಡು ಇಟ್ಟರು. ತನ್ನ ಮೇಲೆ ಬಂದದ್ದನ್ನು ಹೊರಗೇ ನಿಲ್ಲಿಸುವ ಕಾರ್ಡು. "ಈಗ ಬಾಗ್ಲು ಹಾಕ್ದೆ. ಬರ್ಲಿ ನೋಡಣ!"

ಅವೆರಡನ್ನೂ ಅವರು ಎಷ್ಟೋ ಸರದಿಗಳಿಂದ ಹಾಕದೆ ಉಳಿಸಿಕೊಂಡಿದ್ದರು. ಅವೆರಡು ಒಟ್ಟಿಗೆ ಹೀಗೆ ಕೆಲಸ ಮಾಡುತ್ತವೆ ಎಂದು ಎಲ್ಲ ಕಾರ್ಡುಗಳನ್ನೂ ಓದಿದ್ದ ನನಗೆ ಹೊಳೆದಿರಲಿಲ್ಲ. ಹೊಟ್ಟೆಕಿಚ್ಚು ಎಂದರೆ ದೊಡ್ಡ ಮಾತಾಯಿತೇನೋ. ಆದರೆ ಒಂದೇ ಕಡೆ ಆಡುತ್ತಿದ್ದವಳಿಗೆ ಆಗಬೇಕಾದ ಸಂತೋಷ ನನಗೆ ಆಗಲಿಲ್ಲ.

"ಆಗಲ್ಲ ಅತ್ತಿಗೆ" ಎಂದೆ. "ಒಬ್ಬರು ತಮ್ಮ ಸರದೀಲಿ ಹಾಕಬಹುದಾದ್ದು ಒಂದೇ ಕಾರ್ಡು. ರೂಲ್ಸ್ ಇದೆ."

"ಇದು ನಿನ್ ಸರದಿ ಅಲ್ವೇನೇ? ನಂದಲ್ವಲ್ಲ. ನನ್ ಸರದಿ ಬಂದಾಗ ತಾನೆ ಒಂದೇ ಕಾರ್ಡು?"

"ನಿಮ್ಮ ಸರದೀಲೇ ಒಂದು ಅಂದ್ಮೇಲೆ ಬೇರೆಯವರ ಸರದೀಲಿ ಎರಡು ಹೇಗೆ ಹಾಕ್ತೀರಾ?"

ಅವರು ಎರಡು ಕಾರ್ಡನ್ನೂ ಮತ್ತೆ ನೋಡಿದರು. ಆಮೇಲೆ, ಜಗಳಕ್ಕಲ್ಲ, ತಿಳಿದುಕೊಳ್ಳಲು ಕೇಳಿದರು, "ಪುಸ್ತಕದಲ್ಲಿ ಹಂಗೆ ಬರ್ದವ್ರಾ?"

"ಬರೆದಿದ್ದಾರೆ" ಎಂದೆ. ಬರೆದಿರಲಿಲ್ಲ. ಬೇರೆಯವರ ಸರದಿಯ ಬಗ್ಗೆ ಪುಸ್ತಕದಲ್ಲಿ ಒಂದಕ್ಷರವೂ ಇರಲಿಲ್ಲ.

ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದ ಅಣ್ಣ ನಕ್ಕ. "ಲೇ, ನೀನು ಬ್ಲೌಸ್ ಹೊಲ್ಕೊಂಡಿರು, ಇಂಗ್ಲಿಷ್ ರೂಲ್ಸೆಲ್ಲ ನಿಂಗ್ಯಾಕೆ? ಅವಳು ಓದಿರೋಳು, ಅವಳಿಗೆ ಬಿಡು." ಅವನೇನೂ ಕೆಟ್ಟವನಲ್ಲ, ತರಗತಿಯಲ್ಲಿ ನಗಿಸಿ ನಗಿಸಿ ಬಾಯಿ ಅಭ್ಯಾಸವಾಗಿಬಿಟ್ಟಿದೆ. ನಾನೂ ಜೊತೆಗೆ ನಕ್ಕೆ. ಅತ್ತಿಗೆಯೂ ನಕ್ಕರು, ಎರಡು ಕಾರ್ಡನ್ನೂ ಹಿಂದಕ್ಕೆ ಎತ್ತಿಕೊಂಡು, ಹನ್ನೆರಡನೆಯ ಗುಂಡಿಯನ್ನು ತಾವೇ ಇಟ್ಟರು.

ವಾಪಸು ಬರುವಾಗ ಬಸ್ಸಿನಲ್ಲಿ ಮನಸ್ಸು ತಡೆಯಲಿಲ್ಲ. ಈ ಆಟ ಆಡುವವರು ಸೇರಿ ಪ್ರಶ್ನೆ ಕೇಳುವ ಒಂದು ವೆಬ್‌ಸೈಟಿದೆ. ಅದರಲ್ಲಿ ನಡೆದದ್ದನ್ನೆಲ್ಲ ಬರೆದು, ನನ್ನ ಅತ್ತಿಗೆ ಹೀಗೆನ್ನುತ್ತಾರೆ, ನಾನು ಹೀಗೆನ್ನುತ್ತೇನೆ, ಯಾರದು ಸರಿ ಎಂದು ಕೇಳಿದೆ. ನನ್ನದೇ ಸರಿ ಎಂದು ಬರುತ್ತದೆ ಎಂಬ ಧೈರ್ಯವಿತ್ತು. ಎರಡು ದಿನ ಬಿಟ್ಟು, ಕ್ಯಾಂಟೀನಿನಲ್ಲಿ ಊಟ ಮಾಡುತ್ತಿದ್ದಾಗ ಉತ್ತರ ಬಂತು. ಯಾವ ದೇಶದವರೋ ಗೊತ್ತಿಲ್ಲ. ಒಂದೇ ಕಾರ್ಡು ಎಂಬ ಮಿತಿ ಸ್ವಂತ ಸರದಿಗೆ ಮಾತ್ರ, ನಿಮ್ಮ ಅತ್ತಿಗೆ ಹೇಳಿದ್ದೇ ಸರಿ ಎಂದು ಬರೆದಿದ್ದರು. ಅದರ ಕೆಳಗೆ ಇನ್ನೊಬ್ಬರು, ವರ್ಷಗಳಿಂದ ಆಡುತ್ತಿದ್ದೇನೆ, ಈ ಜೋಡಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ, ದಯವಿಟ್ಟು ಅವರಿಗೆ ನನ್ನ ಅಭಿನಂದನೆ ತಿಳಿಸಿ ಎಂದು ಬರೆದಿದ್ದರು.

ತಿಳಿಸಬೇಕೆಂದೇ ಮುಂದಿನ ಭಾನುವಾರ ಹೋದೆ. ಸತ್ಯವಾಗಿ. ಆದರೆ ಅಣ್ಣ ಅಂದು ತನ್ನ ಜೊತೆಯ ಮೇಷ್ಟ್ರೊಬ್ಬರನ್ನು ಊಟಕ್ಕೆ ಕರೆದಿದ್ದ. ಅವರ ಮುಂದೆ "ನನ್ನ ತಂಗಿ ಹತ್ರ ರೂಲ್ಸ್ ವಿಷಯದಲ್ಲಿ ಯಾರೂ ನಿಲ್ಲಂಗಿಲ್ಲ ಸಾರ್" ಎಂದು ಹೊಗಳಿದ. ನಾನು ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ. ಅದರ ಮುಂದಿನ ವಾರ ಹೇಳೋಣ ಎಂದುಕೊಂಡೆ. ಆ ವಾರವೂ ಬಂತು, ಹೋಯಿತು. ಆಮೇಲೆ, ಇಷ್ಟು ದಿನ ಯಾಕೆ ಹೇಳಲಿಲ್ಲ ಎಂಬ ಪ್ರಶ್ನೆಗೂ ಉತ್ತರ ಕೊಡಬೇಕಾಗುತ್ತಿತ್ತು. ಅನುಮಾನ ಬಂದರೆ ಕೇಳಲು ಒಂದು ಸೈಟಿದೆ ಎಂದು ಅಣ್ಣನ ಮುಂದೆ ಯಾವಾಗಲೋ ಜಂಬ ಕೊಚ್ಚಿಕೊಂಡಿದ್ದೆ. ಒಂದು ದಿನ ಅವನು, "ಅದ್ಯಾವುದೋ ಸೈಟಲ್ಲಿ ಡೌಟ್ ಕೇಳ್ತೀಯಂತಲ್ಲ, ಲಿಂಕ್ ಕಳ್ಸು, ನಾನೂ ನೋಡ್ತೀನಿ" ಎಂದ. ನಾನು ಹಿತ್ತಿಲಿಗೆ ಹೋಗಿ, ಕೈತೊಳೆಯುವ ತೊಟ್ಟಿಯ ಹತ್ತಿರ ನಿಂತು, ನನ್ನ ಪ್ರಶ್ನೆಯನ್ನು ಅಳಿಸಿಹಾಕಿದೆ. ಅದರ ಜೊತೆಗೆ ಆ ಉತ್ತರಗಳೂ ಹೋದವು. ಆಮೇಲೆ ಲಿಂಕ್ ಕಳಿಸಿದೆ.

ಅತ್ತಿಗೆ ಆಡುವುದನ್ನು ಬಿಡಲಿಲ್ಲ. ಬಿಟ್ಟಿದ್ದರೆ ನನಗೆ ಬೇಗ ಬುದ್ಧಿ ಬರುತ್ತಿತ್ತೇನೋ. ಚಾಪೆ ಹಾಸುತ್ತಿದ್ದರು, ಗುಂಡಿ ತರುತ್ತಿದ್ದರು, ಆದರೆ ಕಾರ್ಡುಗಳನ್ನು ಮಡಿಲಿನಲ್ಲಿ ಜೋಡಿಸಿ ನೋಡುವುದು ನಿಂತುಹೋಯಿತು. ಸರದಿ ಬಂದಾಗ ಕೈಯಲ್ಲಿದ್ದವನ್ನು ನನ್ನ ಕಡೆ ತಿರುಗಿಸಿ "ಯಾವ್ದು ಹಾಕ್ಲಿ?" ಎನ್ನುತ್ತಿದ್ದರು. ನಾನು ತೋರಿಸಿದ್ದನ್ನು ಹಾಕುತ್ತಿದ್ದರು. ಹೀಗೆ ಆಡಿ ಶ್ರಾವಣದಲ್ಲೊಮ್ಮೆ ಗೆದ್ದೆವು ಕೂಡ. ಅತ್ತಿಗೆ ಚಪ್ಪಾಳೆ ತಟ್ಟಿ, "ನೀನು ಗೆದ್ದೆ ಕಣೇ" ಎಂದರು. ಎಲ್ಲರೂ ಒಟ್ಟಿಗೆ ಗೆಲ್ಲುವ ಆಟದಲ್ಲಿ ಅವರು ಆಡಿದ ಆ ಮಾತು ನನಗೆ ಚುಚ್ಚಿತು. ನಮ್ಮ ಕಾರ್ಖಾನೆಯಲ್ಲಿ ಅಳೆಯುವ ಗೇಜುಗಳನ್ನೇ ಆಗಾಗ ಹೊರಗೆ ಕಳಿಸಿ ಪರೀಕ್ಷೆ ಮಾಡಿಸುತ್ತಾರೆ, ಅವೇ ತಪ್ಪಾಗಿದ್ದರೆ ಅಳೆದದ್ದೆಲ್ಲ ತಪ್ಪು. ಆ ಮನೆಯಲ್ಲಿ ನನ್ನನ್ನು ಪರೀಕ್ಷೆ ಮಾಡುವವರು ಯಾರೂ ಇರಲಿಲ್ಲ.

ಈ ವರ್ಷ ಅತ್ತಿಗೆಯ ತಾಯಿಗೆ ಕಣ್ಣಿನ ಪೊರೆಯ ಆಪರೇಷನ್ ಆಯಿತು. ಅತ್ತಿಗೆ ಮೂರು ವಾರ ತವರಿನಲ್ಲೇ ಉಳಿದರು. ನಾನು ಕಿತ್ತಳೆಹಣ್ಣು ಮತ್ತು ಆಟದ ಡಬ್ಬ ಹಿಡಿದು, ಕುಣಿಗಲ್‌ನಲ್ಲಿ ಬಸ್ಸು ಬದಲಾಯಿಸಿ ಅಲ್ಲಿಗೆ ಹೋದೆ. ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಒಳಗೆ ಮಲಗಿದ್ದರು. ನಾವಿಬ್ಬರೂ ಜಗಲಿಯ ಮೇಲೆ ಕೂತೆವು. ಆಟ ಶುರುವಾಗಿ ಸ್ವಲ್ಪ ಹೊತ್ತಿಗೆ ಕೈಯಲ್ಲಿ ಕಾರ್ಡು ಹೆಚ್ಚಾಗಿ, ಅತ್ತಿಗೆ ಒಂದನ್ನು ಬಿಸಾಡಬೇಕಾಯಿತು. ನನ್ನನ್ನು ಕೇಳದೆ ಒಂದನ್ನು ತೆಗೆದು ಪಕ್ಕಕ್ಕೆ ಹಾಕಿದರು. ಕಂದೀಲು. ಕೈಯಲ್ಲಿ ಬಾಗಿಲೂ ಇತ್ತು, ನನಗೆ ಕಾಣುತ್ತಿತ್ತು.

ನನಗೆ ಕೂತಿರಲು ಆಗಲಿಲ್ಲ. "ಅತ್ತಿಗೆ, ಅದನ್ನ ಬಿಸಾಡಬೇಡಿ. ಅವತ್ತು ನೀವು ಹೇಳಿದ್ದೇ ಸರಿ ಇತ್ತು. ಎರಡೂ ಹಾಕಬಹುದು" ಎಂದೆ.

"ಗೊತ್ತು" ಎಂದರು ಅವರು, ಕಾರ್ಡುಗಳಿಂದ ತಲೆ ಎತ್ತದೆ. "ನೀನೊಂದಿನ ಹಿತ್ಲಿಗೆ ಹೋಗಿದ್ದಾಗ ಆ ಪುಸ್ತಕದ ಫೋಟೋ ಹೊಡ್ಕಂಡು, ಫೋನಲ್ಲಿ ಕನ್ನಡಕ್ಕೆ ಮಾಡಿಸಿ ಓದ್ದೆ. ಹಂಗೇನೂ ಬರ್ದಿರ್ಲಿಲ್ಲ. ನಿಂಗೆ ಗೊತ್ತಿಲ್ದೆ ಹೇಳಿದ್ದೀಯ, ನಾನ್ ಹೇಳಿದ್ರೆ ಬೇಜಾರ್ ಮಾಡ್ಕಂತೀಯ ಅಂತ ಸುಮ್ನಾದೆ." ಆಮೇಲೆ ತಲೆ ಎತ್ತಿದರು. "ನಿಂಗ್ಯಾವಾಗ ಗೊತ್ತಾಯ್ತು?"

"ಅದೇ ವಾರ" ಎಂದೆ.

ಅವರು ಕೈಯಲ್ಲಿದ್ದ ಕಾರ್ಡುಗಳನ್ನು ಜಗಲಿಯ ಮೇಲೆ ಮಗುಚಿಟ್ಟರು. ಬೈದಿದ್ದರೆ ಚೆನ್ನಾಗಿತ್ತು. ನಾನು ಉಳಿದದ್ದನ್ನೆಲ್ಲ ಬಡಬಡನೆ ಹೇಳಿದೆ. ಸೈಟಿನಲ್ಲಿ ಕೇಳಿದ್ದು, ಉತ್ತರ ಬಂದದ್ದು, ಎಲ್ಲಿಯವರೋ ಅತ್ತಿಗೆಯ ಜಾಣತನ ನೋಡಿ ಬೆರಗಾಗಿ ಅಭಿನಂದನೆ ತಿಳಿಸಿ ಎಂದಿದ್ದು. ಅದನ್ನು ಕೇಳುತ್ತ ಅತ್ತಿಗೆಯ ಮುಖ ಅರಳಿತು. ಅವರ ಮುಖ ಹಾಗೆ ಅರಳಿದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

"ನನ್ ಬಗ್ಗೆ ಬರ್ದಿದ್ರಾ? ದಿಟವಾಗ್ಲೂ? ಎಲ್ಲಿ ತೋರ್ಸು. ನಿಮ್ಮಣ್ಣಂಗೂ ಕಳ್ಸು, ಓದ್ಲಿ" ಎಂದು ಕೈಯನ್ನು ಸೆರಗಿಗೆ ಒರೆಸಿಕೊಂಡು ಫೋನಿಗಾಗಿ ಚಾಚಿದರು.

"ಅಳಿಸಿಬಿಟ್ಟೆ ಅತ್ತಿಗೆ."

ಚಾಚಿದ ಕೈಯಿಂದಲೇ ಅವರು ನನ್ನ ಮೊಣಕಾಲು ತಟ್ಟಿದರು. "ಇರ್ಲಿ ಬುಡು. ನನ್ನ ಸಮಾಧಾನಕ್ಕೆ ಹೇಳ್ತಿದೀಯ. ಅಷ್ಟು ಮನಸ್ಸು ಮಾಡಿದ್ದೇ ಸಾಕು."

"ದೇವರಾಣೆ ಅತ್ತಿಗೆ. ಬರೆದಿದ್ರು."

"ಹೂಂ, ಬರ್ದಿದ್ರು" ಎಂದರು, ಹಟ ಮಾಡುವ ಮಗುವಿಗೆ ಹೇಳುವಂತೆ, ಮತ್ತು ಟೀ ಇಡಲು ಒಳಗೆ ಹೋದರು. ಅವರು ನಂಬಲಿಲ್ಲ. ಇವತ್ತಿಗೂ ನಂಬಿಲ್ಲ.