ಬಲಚಕ್ರಕ್ಕೆ ಫಿಶ್ ಫ್ರೈ

ನಮ್ಮ ಹಡಗು ವಿಕ್ಟೋರಿಯಾ ರಾಣಿಯ ಕಾಲದ್ದು. ಹಬೆ ಹೋಗಿ ಡೀಸೆಲ್ ಬಂದಿದೆ ನಿಜ, ಆದರೆ ಇಂದಿಗೂ ಪ್ರವಾಸಿಗರನ್ನು ಹೊತ್ತ ಅದನ್ನು ಹೂಗ್ಲಿ ನದಿಯಲ್ಲಿ ಮುಂದೆ ನೂಕುವುದು ಎರಡೂ ಪಕ್ಕದಲ್ಲಿ ನೀರು ಬಡಿಯುವ ದೊಡ್ಡ ಚಕ್ರಗಳೇ. ಗಾರ್ಡನ್ ರೀಚಿನಲ್ಲಿ ಹಡಗು ಕಟ್ಟುವ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಇದರ ಎಂಜಿನಿಯರ್ ಆದೆ. ಧಾರವಾಡದ ಹೆಂಗಸಿಗೆ ಈ ವಯಸ್ಸಿನಲ್ಲಿ ಹಡಗಿನ ಹುಚ್ಚು ಯಾಕೆ ಎಂದು ನಾನಿರುವ ಬಾಲಿಗಂಜಿನ ನೆರೆಯವರು ಕೇಳುತ್ತಲೇ ಇರುತ್ತಾರೆ. ಕೇಳಲಿ.

ಕಸ್ಬಾದಲ್ಲಿರುವ ನಮ್ಮ ಕಂಪನಿಯ ಆಫೀಸಿನಿಂದ ಹೊಸ ಮ್ಯಾನೇಜರ್ ಬಂದ. ಬೆಂಗಳೂರಿನವನು. ಕನ್ನಡ ಕೇಳಿ ಖುಷಿಯಾಯಿತು, ಹೇಳಿದ್ದು ಕೇಳಿ ಮೈ ಉರಿಯಿತು.

“ಮೇಡಂ, ಇದನ್ನ ಓಡಿಸೋದು ರಿಸ್ಕು. ಘಾಟಲ್ಲೇ ಕಟ್ಟಿಹಾಕಿ ರೆಸ್ಟೋರೆಂಟ್ ಮಾಡ್ಬಿಡೋಣ. ಭಾನುವಾರ ಒಂದು ಸಲ ಬಂದು ನೋಡ್ತೀನಿ, ಆಮೇಲೆ ಫೈನಲ್.”

“ಬಂದು ನೋಡ್ರಿ. ಓಡದ ಹಡಗಿನ್ಯಾಗ ನಾ ಇರಂಗಿಲ್ಲ,” ಎಂದೆ.

ಭಾನುವಾರ ಹೌರಾ ಸೇತುವೆ ಹತ್ತಿರವಾಗುತ್ತಲೇ ಜನರೆಲ್ಲ ಫೋನ್ ಹಿಡಿದು ಸ್ಟೇಷನ್ ಕಾಣುವ ಎಡಗಡೆಗೆ ಓಡಿದರು. ಹಡಗು ವಾಲಿತು. ಎಡಚಕ್ರ ಆಳಕ್ಕಿಳಿಯಿತು, ಬಲಚಕ್ರ ಮೇಲೆದ್ದು ಬರೀ ಗಾಳಿಯನ್ನು ಬಡಿಯತೊಡಗಿತು. ಮೂತಿ ದಡದ ಕಡೆ ತಿರುಗಿತು.

“ನೋಡಿದ್ರಾ? ಇದಕ್ಕೇ ಹೇಳಿದ್ದು!” ಮ್ಯಾನೇಜರ್ ಕಂಬ ಹಿಡಿದುಕೊಂಡು ಕೂಗಿದ.

ಇಂಥ ಹೊತ್ತಿನಲ್ಲಿ ಕೈಮುಗಿದು ಬೇಡಿದರೂ ಜನ ಕದಲುವುದಿಲ್ಲ. ಅದಕ್ಕೆ ನಮ್ಮಲ್ಲಿ ಬೇರೆಯೇ ಪದ್ಧತಿ ಇದೆ. ನಾನು ಕೈ ಬೀಸಿದೆ. ಅಡುಗೆಯವನು ತಿಂಡಿಯ ಗಾಡಿಯನ್ನು ಖಾಲಿ ಬಿದ್ದ ಬಲಗಡೆಗೆ ತಳ್ಳಿ, ಮುಚ್ಚಳ ತೆಗೆದು, “ಗರಮ್ ಫಿಶ್ ಫ್ರೈ!” ಎಂದು ಒದರಿದ. ಡೆಕ್ಕಿನ ಅರ್ಧ ಜನ ಇತ್ತ ಓಡಿಬಂದರು. ಮ್ಯಾನೇಜರನೂ ಬಂದ. ಬಲಚಕ್ರ ಮತ್ತೆ ನೀರಿಗಿಳಿಯಿತು, ಹಡಗು ನೆಟ್ಟಗಾಯಿತು.

“ಸೂಪರ್ ಮೇಡಂ! ಜನ ಬರೋದೇ ತಿನ್ನೋಕೆ ಅಂತ ನೀವೇ ತೋರಿಸ್ಬಿಟ್ರಿ,” ಎಂದ, ಬಾಯಿ ತುಂಬ ಮೀನು ಇಟ್ಟುಕೊಂಡು.

ನನಗೆ ರೇಗಿತು. “ಅದು ನಿಮಗ ಕೊಟ್ಟಿದ್ದಲ್ರೀ, ಚಕ್ರಕ್ಕ ಕೊಟ್ಟಿದ್ದು! ಕಟ್ಟಿಹಾಕಿದ ಹಡಗಿನ್ಯಾಗ ಯಾರು ಹಿಂಗ ಓಡ್ಯಾಡ್ತಾರ?”

ಘಾಟಿಗೆ ಬಂದಾಗ ಸಂಜೆಯ ಸುತ್ತಿನ ಜನ ಮಕ್ಕಳುಮರಿ ಸಮೇತ ಕಾದು ನಿಂತಿದ್ದರು. ಅವನು ದಡಕ್ಕೆ ಹಾಕಿದ ಹಲಗೆಯ ಮೇಲೆ ನಿಂತು ಅವರನ್ನೇ ನೋಡುತ್ತಿದ್ದ.

“ಇಳೀರಿ, ಇಲ್ಲಾ ಒಳಗ ಬರ್ರಿ. ನಾ ಹಗ್ಗ ಬಿಚ್ಚಸಾಕತ್ತೀನಿ,” ಎಂದೆ.

ಒಳಗೆ ಬಂದ. ಈ ಸಲ ಸೇತುವೆ ಬಂದಾಗ ಎಲ್ಲರೂ ಎಡಕ್ಕೆ ಓಡಿದರು. ಅವನೊಬ್ಬ ಮಾತ್ರ, ಯಾರೂ ಹೇಳದೆ, ಬಲಗಡೆಗೆ ಹೋಗಿ ನಿಂತ.