ಹಸಿದ ಕೌದಿ

ಬೈಕುಲ್ಲಾದ ನಮ್ಮ ಚಾಳಿನಲ್ಲಿ ತಾಜಬಿ ಹೊಲಿದ ಕೌದಿ ಹೊದೆಯದವರೇ ಇರಲಿಲ್ಲ. ವಿಜಾಪುರದ ಕಡೆಯ ಹೆಂಗಸು. ಹಳೆಯ ಸೀರೆ ಕಂಡರೆ ಬಿಡುತ್ತಿರಲಿಲ್ಲ. ದಾರ ಪೋಣಿಸಿದ ಸೂಜಿ ಸದಾ ಸೆರಗಿಗೆ ಚುಚ್ಚಿರುತ್ತಿತ್ತು.

ಎಪ್ಪತ್ಮೂರನೇ ಇಸವಿಯಲ್ಲಿ ಆಕೆಯ ಗಂಡ ಮೌಲಾಲಿಗೆ ಫೋರ್ಟಿನ ಒಂದು ಆರ್ಟ್ ಗ್ಯಾಲರಿಯಲ್ಲಿ ಕಾವಲಿನ ಕೆಲಸ ಸಿಕ್ಕಿತು. ಗಿರಣಿ ಬಿಟ್ಟು ಬಹಳ ಅಲೆದ ಮೇಲೆ ಸಿಕ್ಕ ನೌಕರಿ, ಇನ್ನೂ ಕಾಯಂ ಆಗಿರಲಿಲ್ಲ. ಒಂದು ಭಾನುವಾರ ಅವನಿಗೆ ಬುತ್ತಿ ಕೊಡಲು ಹೊರಟ ತಾಜಬಿಯ ಜೊತೆ ನಾನೂ ಹೋದೆ. ಒಳಗೆ ಹೊಸ ಕಾಲದ ಕಲೆಯ ಪ್ರದರ್ಶನ ನಡೆದಿತ್ತು.

ನಾನು ಕತ್ತು ವಾಲಿಸಿ ಗಂಭೀರವಾಗಿ ನೋಡಿದೆ, ಏನೂ ತಿಳಿಯಲಿಲ್ಲ. ತಾಜಬಿಗೆ ಆ ತೊಂದರೆಯೇ ಇರಲಿಲ್ಲ. ಗೋಡೆಯಗಲದ ನೀಲಿ ಚಿತ್ರದ ಮುಂದೆ ನಿಂತು, "ನೀಲಿ ಭಾಳ ಆಗೇತಿ, ಇನ್ನೊಮ್ಮಿ ನೀರಾಗ ಅದ್ದಿ ತಗೀಬೇಕಿತ್ತು," ಎಂದಳು. ಕೆಂಪು ಗೆರೆಗಳದ್ದು ಹಿಡಿಸಿತು. "ತಮ್ಮಾ, ಇದನ್ನ ನೋಡಿದ್ರ ಮೈ ಬೆಚ್ಚಗಾಗ್ತೈತಿ."

ಕೊನೆಯ ಕೋಣೆಯಲ್ಲಿ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದ ದೊಡ್ಡ ಕೃತಿ ತೂಗುತ್ತಿತ್ತು. ಥೇಟ್ ಕೌದಿ. ಒಂದು ಮೂಲೆ ಮಾತ್ರ ಹೊಲಿಗೆಯಿಲ್ಲದೆ ಬಾಯಿ ಬಿಟ್ಟಿತ್ತು. ನಾನು ಪಕ್ಕದ ಶಿಲ್ಪ ನೋಡಿ ತಿರುಗುವಷ್ಟರಲ್ಲಿ, ತಾಜಬಿ ಬುತ್ತಿಯಿಂದ ರೊಟ್ಟಿಯ ಚೂರು ಮುರಿದು ಅದರೊಳಗಿಟ್ಟು, ಮೂಲೆ ಹೊಲಿದೇ ಬಿಟ್ಟಿದ್ದಳು!

ಮೌಲಾಲಿ ಓಡಿಬಂದ. "ನನ್ನ ನೌಕರಿ ತಿಂದ್ಯಲ್ಲೇ!"

"ಕೌದಿ ಹೊಟ್ಟಿ ಖಾಲಿ ಬಿಡಬಾರ್ದು. ಹೊದ್ದವರು ಉಪಾಸ ಬೀಳ್ತಾರ," ಎಂದಳು ತಾಜಬಿ, ಹಲ್ಲಿನಿಂದ ದಾರ ಕಡಿಯುತ್ತ.

ಅದನ್ನು ಮಾಡಿದ ಕಲಾವಿದೆ ಅಲ್ಲಿಯೇ ಇದ್ದಳು, ದಪ್ಪ ಕನ್ನಡಕದ ಹುಡುಗಿ. ಮೂಲೆಯನ್ನು ಬೇಕೆಂದೇ ತೆರೆದಿಟ್ಟಿದ್ದಳಂತೆ. ಈಗಲೇ ಬಿಚ್ಚಿ ಎಂದು ಹಿಂದಿಯಲ್ಲಿ ಗದರಿದಳು. ಮೌಲಾಲಿ ಕೈಮುಗಿದ. ತಾಜಬಿ ಮಾತ್ರ ತನ್ನ ದಖನಿ ಉರ್ದುವಿನಲ್ಲಿ ಕೌದಿಯ ಹಸಿವಿನ ಮಾತು ವಿವರಿಸಿ, ಉಣಿಸಿದ್ದನ್ನು ಕಿತ್ತುಕೊಳ್ಳಲಾರೆ ಎಂದು ಪಟ್ಟು ಹಿಡಿದಳು.

ಹುಡುಗಿ ಆ ಮೂಲೆಯನ್ನು ಹಿಸುಕಿ ನೋಡಿದಳು. ಒಳಗಿನ ರೊಟ್ಟಿ ಕಟುಂ ಎಂದಿತು. ಅವಳ ಮುಖವನ್ನೇ ನೋಡುತ್ತಿದ್ದ ತಾಜಬಿ, ನೀನು ಉಂಡೆಯಾ ಮಗಳೇ ಎಂದು ಕೇಳಿದಳು. ಇಲ್ಲ, ಪ್ರದರ್ಶನದ ಗಾಬರಿಯಲ್ಲಿ ಬೆಳಗಿನಿಂದ ಬರೀ ಚಹಾ. ಹೇಳುತ್ತಲೇ ಅವಳಿಗೆ ನಗು ಬಂತು. ನನಗಂತೂ ಹೋದ ಜೀವ ಬಂದಂತಾಯಿತು.

ತಾಜಬಿ ಅಲ್ಲೇ ನೆಲದ ಮೇಲೆ ಬುತ್ತಿ ಬಿಚ್ಚಿದಳು. ಗದ್ದಲ ಕೇಳಿ ಮ್ಯಾನೇಜರ್ ಬಂದಾಗ ಹುಡುಗಿ, ಬಾಯಿ ತುಂಬ ರೊಟ್ಟಿ ಇಟ್ಟುಕೊಂಡೇ, ಮೂಲೆಯನ್ನು ತಾನೇ ಹೊಲಿಸಿದ್ದು ಎಂದಳು. ಮೌಲಾಲಿಯ ನೌಕರಿ ಉಳಿಯಿತು. ಬುತ್ತಿಯಲ್ಲಿ ಅವನ ಪಾಲಿಗೆ ಬರೀ ಶೇಂಗಾ ಚಟ್ನಿ ಉಳಿದಿತ್ತು.